ಗುಣವಾಗಿ ಬಂದ ಮಗುವಿನ ಗಂಗಾಳ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಅಂಗನವಾಡಿ ಕಾರ್ಯಕರ್ತೆಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಬಿಸಿಯೂಟದ ಅಡುಗೆಯವರಿಗೆ



ಕ್ಯಾನ್ಸರ್ ಬಂದು, ಚಿಕಿತ್ಸೆ ಮುಗಿಸಿ, ಗುಣವಾಗಿ ಊರಿಗೆ ಮರಳಿದ ಮಕ್ಕಳು ನಿಮ್ಮಲ್ಲಿ ಕೆಲವರ ಊರುಗಳಲ್ಲಿ ಇದ್ದಾರೆ. ಆ ಮಕ್ಕಳ ಊಟದ ಬಗ್ಗೆ ನಿಮ್ಮೊಂದಿಗೆ ಮಾತನಾಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ದೊಡ್ಡ ಡಾಕ್ಟರರಿಗೆ ಬರೆಯದೆ ನಿಮಗೇ ಬರೆಯುವುದಕ್ಕೆ ಕಾರಣವಿದೆ. ಆಸ್ಪತ್ರೆಯವರು ಆ ಮಗುವನ್ನು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ನೋಡುತ್ತಾರೆ. ಅದು ದಿನಾ ಏನು ಉಣ್ಣುತ್ತದೆ, ಏನನ್ನು ಬಿಡುತ್ತದೆ, ಯಾವುದನ್ನು ಅದಕ್ಕೆ ಕೊಡುವುದೇ ಇಲ್ಲ ಎಂಬುದು ನಿಮಗೆ ಕಾಣುತ್ತದೆ. ಓಣಿಯಲ್ಲಿ ಓಡಾಡುವವರು ನೀವು.

ನಮ್ಮ ಕಡೆಯ ಮಗುವಿಗೆ ಈ ರೋಗ ಬಂದರೆ ದಾರಿ ದೂರ. ಕೆಲವರು ಯಾದಗಿರಿ ಸ್ಟೇಷನ್ನಿನಲ್ಲಿ ರಾತ್ರಿ ಗಾಡಿ ಹತ್ತಿ ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ. ಕೆಲವರು ಕಲಬುರಗಿಯ ಕಿದ್ವಾಯಿ ಘಟಕಕ್ಕೆ, ಇನ್ನು ಕೆಲವರು ಸೊಲ್ಲಾಪುರಕ್ಕೆ, ಹೈದರಾಬಾದಿನ ಎಂ.ಎನ್.ಜೆ. ಆಸ್ಪತ್ರೆಗೆ, ಮುಂಬೈನ ಟಾಟಾ ಆಸ್ಪತ್ರೆಗೆ. ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ರಕ್ತದ ಕ್ಯಾನ್ಸರ್. ಅದರ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ. ಅದು ದೊಡ್ಡ ಆಸರೆ, ಅನುಮಾನವಿಲ್ಲ. ಆದರೆ ಮಗುವಿನ ಜೊತೆ ಅವ್ವ ಆಸ್ಪತ್ರೆಯಲ್ಲಿ ಕುಳಿತ ದಿನಗಳ ಕೂಲಿ, ಬಸ್ಸಿನ ಚಾರ್ಜು, ಊರಲ್ಲಿ ಬಿಟ್ಟುಬಂದ ಉಳಿದ ಮಕ್ಕಳ ಊಟ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಕಡೆಗೆ ಮಗು ಗುಣವಾಗಿ ಬರುವ ಹೊತ್ತಿಗೆ ಮನೆಯ ಕುರಿ ಮಾರಿಹೋಗಿರುತ್ತವೆ, ಹೊಲ ಲಾವಣಿಗೆ ಹೋಗಿರುತ್ತದೆ. ಆ ಮನೆಯ ಗಂಗಾಳಕ್ಕೆ ಆಮೇಲೆ ಬೀಳುವುದು ರೇಷನ್ ಅಕ್ಕಿಯ ಅನ್ನ, ಅದರ ಮೇಲೊಂದು ತಿಳಿ ಸಾರು.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ, ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಮೂವತ್ತೂ ದಾಟದ ಕಡೆಗಳಿವೆ. ಈ ಅಂತರಕ್ಕೆ ರೋಗ ತಡವಾಗಿ ಗೊತ್ತಾಗುವುದು ಒಂದು ಕಾರಣ, ಔಷಧ ಸಿಗದಿರುವುದು ಇನ್ನೊಂದು, ನಡುವೆಯೇ ಚಿಕಿತ್ಸೆ ಬಿಟ್ಟು ಊರಿಗೆ ಬರುವುದು ಮತ್ತೊಂದು. ಇವೆಲ್ಲದರ ಜೊತೆಗೆ ಸದ್ದಿಲ್ಲದೆ ಸೇರಿಕೊಳ್ಳುವುದು ಅಪೌಷ್ಟಿಕತೆ. ಸೊರಗಿದ ಮಗುವಿಗೆ ಕೀಮೋ ಕೊಟ್ಟರೆ ಸೋಂಕು ಬೇಗ ತಗಲುತ್ತದೆ. ರಕ್ತದ ಕಣಗಳು ಮತ್ತೆ ಏಳುವುದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ಡಾಕ್ಟರರು ಮುಂದಿನ ಡೋಸನ್ನು ಮುಂದೂಡಬೇಕಾಗುತ್ತದೆ. ಮುಂದೂಡಿದಷ್ಟೂ ರೋಗ ಗೆಲ್ಲುತ್ತದೆ. ನಮ್ಮ ಜಿಲ್ಲೆಯಲ್ಲಂತೂ ಐದು ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ರೋಗ ಬರುವ ಮೊದಲೇ ಸೊರಗಿದ ಮಕ್ಕಳು ಇವರು.

ಇಲ್ಲೊಂದು ಸಂಗತಿಯನ್ನು ನೀವು ಗಮನಿಸಬೇಕು. ರಕ್ತದ ಕ್ಯಾನ್ಸರ್ ಹೆಚ್ಚಾಗಿ ಬರುವುದು ಎರಡರಿಂದ ಐದು ವರ್ಷದ ಮಕ್ಕಳಿಗೆ. ನಾಲ್ಕು ವರ್ಷದ ಮಗುವಿಗೆ ಬಂತೆಂದುಕೊಳ್ಳಿ. ಆಗ ಅದು ಅಂಗನವಾಡಿಯ ಮಗು. ತಿಂಗಳಿಗೊಮ್ಮೆ ತೂಕ ಆಗಬೇಕು, ಎತ್ತರ ಅಳೆಯಬೇಕು, ಪೋಷಣ್ ಟ್ರ್ಯಾಕರ್‌ಗೆ ಏರಿಸಬೇಕು. ಆದರೆ ಮಗು ಬೆಂಗಳೂರಿನಲ್ಲಿ. ಚಿಕಿತ್ಸೆ ಮುಗಿಸಿ ಬರುವ ಹೊತ್ತಿಗೆ ಅದಕ್ಕೆ ಏಳು ವರ್ಷ. ಅಂಗನವಾಡಿಯ ಪಟ್ಟಿಯಿಂದ ಹೆಸರು ಹೋಗಿದೆ. ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರ ಐದು ವರ್ಷದೊಳಗಿನವರಿಗೆ. ತೋಳಿನ ಸುತ್ತಳತೆ ಅಳೆಯುವ ನಿಮ್ಮ ಪಟ್ಟಿಯ ಕೆಂಪು, ಹಳದಿ, ಹಸಿರು ಗುರುತುಗಳೂ ಐದು ವರ್ಷದೊಳಗಿನ ಮಕ್ಕಳ ಲೆಕ್ಕಕ್ಕೆ ಹಾಕಿದವು. ಶಾಲೆಯಲ್ಲಿ ತಿಂಗಳು ತಿಂಗಳು ತೂಕ ನೋಡುವವರಿಲ್ಲ. ಯಾವ ಮಗುವಿನ ತೂಕವನ್ನು ಎಲ್ಲರಿಗಿಂತ ಹೆಚ್ಚು ಕಾಳಜಿಯಿಂದ ನೋಡಬೇಕೋ, ಆ ಮಗು ಎಲ್ಲ ಪಟ್ಟಿಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಆಗುತ್ತಿರುವುದು ಇದು, ಮತ್ತು ಇದನ್ನು ಸರಿಮಾಡಲು ಹೊಸ ಯೋಜನೆಯೇನೂ ಬೇಕಿಲ್ಲ.

ಇನ್ನು ಮನೆಯೊಳಗಿನ ಮಾತು. ಗುಣವಾಗಿ ಬಂದ ಮಗುವಿಗೆ ನಮ್ಮ ಮನೆಗಳಲ್ಲಿ ಹಿಡಿಸುವ ಪಥ್ಯ ನಿಮಗೆ ಗೊತ್ತೇ ಇದೆ. “ನಂಜ ಆಗ್ತದ, ತತ್ತಿ ಕೊಡಬ್ಯಾಡ.” ತತ್ತಿ ನಂಜು, ಮಾಂಸ ನಂಜು, ಬದನೆಕಾಯಿ ನಂಜು, ಶೇಂಗಾ ಪಿತ್ತ, ಮೊಸರು ಶೀತ, ಬಾಳೆಹಣ್ಣು ಕಫ. ಅಜ್ಜಿ ಒಂದು ಬಿಡಿಸುತ್ತಾಳೆ, ಪಕ್ಕದ ಮನೆಯವರು ಒಂದು, ನಾಟಿ ಔಷಧ ಕೊಡುವವರು ಇನ್ನೆರಡು. ಎಲ್ಲ ಬಿಡಿಸಿದ ಮೇಲೆ ಉಳಿಯುವುದು ಮೆತ್ತನ್ನ ಅನ್ನ ಮತ್ತು ಸಕ್ಕರೆ ಹಾಕಿದ ಚಹಾ. ಇನ್ನೊಂದು ಕಡೆ, ಸಾವಿನ ಬಾಯಿಂದ ಬಂದ ಕೂಸು ಕೇಳಿದ್ದನ್ನೆಲ್ಲ ಕೊಡಬೇಕೆಂಬ ಜೀವ ತಂದೆತಾಯಿಗಳದ್ದು. ಅಂಗಡಿಗೆ ಹೋಗಿ ಐದು ರೂಪಾಯಿಯ ಪಾಕೀಟು, ಬಿಸ್ಕೀಟು, ಬಣ್ಣದ ನೀರಿನ ಬಾಟಲಿ. ಬೇಕಾದದ್ದಕ್ಕೆ ನಿಷೇಧ, ಬೇಡವಾದದ್ದಕ್ಕೆ ಪ್ರೀತಿಯ ಅನುಮತಿ. ಎರಡೂ ಹುಟ್ಟುವುದು ಆ ಮಗು ಮತ್ತೆ ಕೈತಪ್ಪೀತೆಂಬ ಭಯದಲ್ಲಿ. ಹಾಗಾಗಿ ತಾಯಿಗೆ ಗದರಿಸಬೇಡಿ. ಆಕೆ ಮಗುವನ್ನು ಉಳಿಸಿಕೊಂಡು ಬಂದವಳು.

ಆಕೆಗೆ ಹೇಳಬೇಕಾದ ಮೊದಲ ಮಾತು: ಚಿಕಿತ್ಸೆ ಮುಗಿದು, ಡಾಕ್ಟರರು ಬೇರೆ ಏನೂ ಹೇಳದೆ ಇದ್ದರೆ, ಈ ಮಗುವಿಗೆ ಬಿಡಬೇಕಾದ ಪದಾರ್ಥ ಎಂಬುದೇ ಇಲ್ಲ. ತತ್ತಿಯಿಂದ ಕ್ಯಾನ್ಸರ್ ಮರಳಿ ಬರುವುದಿಲ್ಲ. ಬೆಲ್ಲ ತಿಂದರೂ ಬರುವುದಿಲ್ಲ. ಮನೆಯಲ್ಲಿ ಎಲ್ಲರೂ ಉಣ್ಣುವುದನ್ನೇ ಮಗು ಉಣ್ಣಬೇಕು, ಅದರಲ್ಲಿ ಬೇಳೆ, ಕಾಳು, ಪಲ್ಯ, ಹಾಲು, ತತ್ತಿ ಹೆಚ್ಚಾಗಬೇಕು.

ಅದನ್ನು ಎಲ್ಲಿಂದ ತರುವುದು ಎಂದು ಆಕೆ ಕೇಳುತ್ತಾಳೆ. ಇದಕ್ಕೆ ಉತ್ತರ ನಮ್ಮ ನೆಲದಲ್ಲೇ ಇದೆ. ಕೃಷ್ಣೆಯ ಎಡದಂಡೆ ಕಾಲುವೆ ಬಂದಮೇಲೆ ಸುರಪುರ, ಶಹಾಪುರದ ನೀರಾವರಿ ಹೊಲಗಳಲ್ಲಿ ಭತ್ತ, ಹತ್ತಿ ಹೆಚ್ಚಾಗಿ ಜೋಳ, ಕಾಳುಗಳು ಹಿಂದೆ ಸರಿದವು. ಊಟವೂ ಹಾಗೇ ಬದಲಾಯಿತು. ಆದರೂ ತೊಗರಿ, ಹೆಸರು, ಮಡಿಕೆ, ಅಲಸಂದಿ, ಶೇಂಗಾ, ಎಳ್ಳು, ಗುರೆಳ್ಳು ಇನ್ನೂ ನಮ್ಮ ಸಂತೆಗಳಲ್ಲಿ ಕಣ್ಣಿಗೆ ಬೀಳುತ್ತವೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ ನಮ್ಮದೇ ಬೇಳೆ. ನೂರು ಗ್ರಾಂ ತೊಗರಿ ಬೇಳೆಯಲ್ಲಿ ಇಪ್ಪತ್ತು ಗ್ರಾಮಿಗೂ ಮಿಗಿಲು ಪ್ರೋಟೀನ್ ಇದೆ. ಒಂದು ತತ್ತಿಯಲ್ಲಿ ಆರು ಗ್ರಾಂ. ಒಂದು ಹಿಡಿ ಶೇಂಗಾದಲ್ಲಿ ಏಳು ಗ್ರಾಂ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು ಹತ್ತು. ಸಾರನ್ನು ತಿಳಿಯಾಗಿ ಮಾಡದೆ ಬೇಳೆಯನ್ನು ಮಗುವಿನ ಗಂಗಾಳಕ್ಕೆ ಗಟ್ಟಿಯಾಗಿ ಬಡಿಸಿದರೆ, ಅದರ ಮೇಲೆ ಒಂದು ಚಮಚ ಶೇಂಗಾ ಎಣ್ಣೆಯೋ ಕುಸುಬಿ ಎಣ್ಣೆಯೋ ತುಪ್ಪವೋ ಹಾಕಿದರೆ, ಸೊರಗಿದ ಮಗುವಿನ ಅರ್ಧ ಸಮಸ್ಯೆ ಕರಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಪ್ರೋಟೀನ್ ಪೌಡರಿನ ಡಬ್ಬಿ ತರುವ ಬಡ ಮನೆಗಳಿಗೆ ಇದನ್ನು ದಯವಿಟ್ಟು ಹೇಳಿ. ಆಸ್ಪತ್ರೆಯ ಆಹಾರ ತಜ್ಞರೇ ಬರೆದುಕೊಟ್ಟಿದ್ದರೆ ಮಾತ್ರ ಅದು ಬೇಕು. ಅಂಗಡಿಯವರು ಹೇಳಿದ ಡಬ್ಬಿಗೆ ಸಾಲ ಮಾಡಬೇಕಿಲ್ಲ. ಶೇಂಗಾ ಮಾತ್ರ ನೋಡಿ ಆರಿಸಿ. ಬೂಷ್ಟು ಹಿಡಿದದ್ದು, ಮುರುಟಿದ್ದು, ಕಹಿ ಬಂದದ್ದು ಈ ಮಕ್ಕಳಿಗೆ ಬೇಡ. ಅದರಲ್ಲಿರುವ ವಿಷ ಯಕೃತ್ತನ್ನು ಕೆಡಿಸುತ್ತದೆ.

ಚಿಕಿತ್ಸೆ ಇನ್ನೂ ನಡೆಯುತ್ತಿರುವ ಮಗು ಎರಡು ಡೋಸಿನ ನಡುವೆ ಊರಿಗೆ ಬಂದಿದ್ದರೆ ಮಾತು ಬೇರೆ. ಆಗ ಬಿಳಿ ರಕ್ತಕಣ ಕಡಿಮೆ ಇದ್ದು ಸೋಂಕು ಬೇಗ ತಗಲುತ್ತದೆ. ಹಸಿ ಉಳ್ಳಾಗಡ್ಡಿ, ಹಸಿ ಸೌತೆಕಾಯಿ, ಬುತ್ತಿ ಕಟ್ಟಿ ಹೊತ್ತು ಕಳೆದ ಅನ್ನ, ಜಾತ್ರೆಯ ಮಿರ್ಚಿ ಭಜಿ, ಅರೆಬೆಂದ ತತ್ತಿ ಇವು ಆ ದಿನಗಳಲ್ಲಿ ಬೇಡ. ನೀರು ಕುದಿಸಿ ಆರಿಸಿದ್ದಾಗಿರಬೇಕು. ಹಣ್ಣು ಸಿಪ್ಪೆ ಸುಲಿಯುವಂಥದ್ದಾಗಿರಬೇಕು. ಅಡುಗೆ ಮಾಡಿದ ಒಲೆಯ ಪಕ್ಕದಲ್ಲೇ, ಬಿಸಿ ಇರುವಾಗಲೇ ಉಣ್ಣಿಸಬೇಕು. ಕೀಮೋ ಔಷಧಗಳಲ್ಲಿ ಕೆಲವು ಬಾಯಿಯನ್ನು ಹುಣ್ಣು ಮಾಡುತ್ತವೆ. ಅಂಥ ಬಾಯಿಗೆ ಖಡಕ್ ರೊಟ್ಟಿ, ಖಾರದ ಚಟ್ನಿ ಕೊಟ್ಟರೆ ಮಗು ಊಟವನ್ನೇ ನೋಡಿ ಅಳುತ್ತದೆ. ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ನೆನೆಸಿ, ಮೆತ್ತಗಾದ ಮೇಲೆ ಕೊಡಿ. ಜೋಳದ ನುಚ್ಚು, ಹೆಸರು ಬೇಳೆಯ ಗಂಜಿ, ಹಿಸುಕಿದ ಬಾಳೆಹಣ್ಣು ಇಳಿಯುತ್ತವೆ. ಇನ್ನೊಂದು ಔಷಧ ಮಲ ಕಟ್ಟಿಸುತ್ತದೆ, ದವಡೆ ನೋಯಿಸುತ್ತದೆ. ಆ ವಾರ ನೀರು ಹೆಚ್ಚು ಬೇಕು, ಬೇಯಿಸಿದ ಸೊಪ್ಪು ಬೇಕು. ಸ್ಟೆರಾಯ್ಡ್ ಮಾತ್ರೆಯ ವಾರಗಳಲ್ಲಿ ಮಗುವಿಗೆ ತಾಳಲಾರದ ಹಸಿವು. ನಡುರಾತ್ರಿ ಎದ್ದು ಊಟ ಕೇಳುತ್ತದೆ. ಗಲ್ಲ ತುಂಬಿಕೊಂಡು ದುಂಡಗಾಗುತ್ತದೆ. ಊರವರು “ಮೈ ಹಿಡಿತು ನೋಡ್ರಿ” ಎಂದು ಸಂತೋಷಪಡುತ್ತಾರೆ. ಅದು ಮೈ ಹಿಡಿದದ್ದಲ್ಲ, ಮಾತ್ರೆ ನಿಲ್ಲಿಸಿದ ಮೇಲೆ ಇಳಿದುಹೋಗುತ್ತದೆ. ಇಳಿದಾಗ ತಾಯಿ ಹೌಹಾರುತ್ತಾಳೆ. ಎರಡನ್ನೂ ಮೊದಲೇ ತಿಳಿಸಿ ಇಟ್ಟಿರಿ. ಆ ಹಸಿವಿನ ದಿನಗಳಲ್ಲಿ ಉಪ್ಪು, ಸಕ್ಕರೆ, ಕರಿದದ್ದು ಕಡಿಮೆ ಮಾಡಿ, ಹೊಟ್ಟೆ ತುಂಬುವಂತೆ ರೊಟ್ಟಿ, ಕಾಳು, ಪಲ್ಯ ಕೊಡಲಿ.

ಇವೆಲ್ಲದಕ್ಕಿಂತ ಮುಖ್ಯವಾದದ್ದು ಜ್ವರ. ಚಿಕಿತ್ಸೆಯ ನಡುವಿನ ಮಗುವಿಗೆ ಜ್ವರ 100.4 ಡಿಗ್ರಿ ದಾಟಿದರೆ ಊರಿನ ಸೂಜಿ ಹಾಕುವವರ ಹತ್ತಿರ ಹೋಗಬಾರದು. ಆಸ್ಪತ್ರೆಗೆ ಫೋನು ಮಾಡಿ ಅಂದೇ ಹೊರಡಬೇಕು.

ಕಬ್ಬಿಣಾಂಶದ ಟಾನಿಕ್ಕು, ಫೋಲಿಕ್ ಮಾತ್ರೆಗಳ ವಿಷಯದಲ್ಲಿ ನಿಮಗೊಂದು ವಿನಂತಿ. ಶಾಲೆಯಲ್ಲಿ ವಾರಕ್ಕೊಮ್ಮೆ ಎಲ್ಲ ಮಕ್ಕಳಿಗೂ ಮಾತ್ರೆ ಕೊಡುತ್ತೀರಿ, ಒಳ್ಳೆಯ ಕೆಲಸ. ಆದರೆ ಈ ಮಕ್ಕಳಿಗೆ ಹಲವು ಸಲ ರಕ್ತ ಏರಿಸಿರುತ್ತಾರೆ, ಮೈಯಲ್ಲಿ ಕಬ್ಬಿಣ ಹೆಚ್ಚಾಗಿ ಕುಳಿತಿರಬಹುದು. ರಕ್ತದ ಕ್ಯಾನ್ಸರಿಗೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧ ಕೆಲಸ ಮಾಡುವುದೇ ಫೋಲಿಕ್ ಆಮ್ಲಕ್ಕೆ ಅಡ್ಡ ನಿಂತು. ಆದ್ದರಿಂದ ಆಸ್ಪತ್ರೆಯವರನ್ನು ಕೇಳದೆ ಈ ಮಕ್ಕಳಿಗೆ ಆ ಮಾತ್ರೆ ಕೊಡಬೇಡಿ. ಸೊಪ್ಪಿನಲ್ಲಿ, ಕಾಳಿನಲ್ಲಿ ಇರುವ ಕಬ್ಬಿಣಕ್ಕೆ ಹೆದರಬೇಕಿಲ್ಲ. ಪುಂಡಿ ಪಲ್ಯ, ಮೆಂತ್ಯೆ ಪಲ್ಯ, ರಾಜಗಿರಿ ನಿಶ್ಚಿಂತೆಯಿಂದ ತಿನ್ನಲಿ.

ಚಿಕಿತ್ಸೆ ಮುಗಿದ ಮೇಲಿನ ವರ್ಷಗಳಲ್ಲಿ ಎಲುಬು, ಹೃದಯ, ತೂಕ ಈ ಮೂರರ ಮೇಲೆ ಕಣ್ಣಿರಬೇಕು. ಹೃದಯದ ಮಾತು ಮುಂದೆ ಬರುತ್ತದೆ. ಸ್ಟೆರಾಯ್ಡ್ ಎಲುಬನ್ನು ತೆಳ್ಳಗೆ ಮಾಡುತ್ತದೆ. ಹಾಲು, ಮೊಸರು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ರಾಗಿ, ಬೆಳಗಿನ ಬಿಸಿಲು, ಓಟ, ಆಟ ಇವೇ ಅದಕ್ಕೆ ಮದ್ದು. “ಬಿದ್ದೀತು” ಎಂದು ಮಗುವನ್ನು ಕಟ್ಟೆಯ ಮೇಲೆ ಕೂರಿಸಿದರೆ ಎಲುಬು ಇನ್ನೂ ಸೊರಗುತ್ತದೆ. ತಲೆಗೆ ಕಿರಣ ಚಿಕಿತ್ಸೆ ಪಡೆದ ಮಕ್ಕಳು ಎತ್ತರ ಕಡಿಮೆಯಾಗಿ ದಪ್ಪವಾಗುವ ಸಂಭವ ಹೆಚ್ಚು. ಹಾಗಾಗಿ ಎಲ್ಲ ಮಕ್ಕಳಿಗೂ “ಇನ್ನೂ ಉಣ್ಣು, ಇನ್ನೂ ಉಣ್ಣು” ಎಂಬ ಒಂದೇ ಮಾತು ಸರಿಯಲ್ಲ. ಒಂದು ಕಿಡ್ನಿ ತೆಗೆಸಿಕೊಂಡ ಮಗುವಿಗೆ ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಪಾಕೀಟಿನ ಉಪ್ಪು ಕಡಿಮೆ ಇರಬೇಕು. ಆಡುವಾಗ ನೀರು ಕುಡಿಯುವುದು ಮರೆಯಬಾರದು, ನಮ್ಮ ಬೇಸಿಗೆಯಲ್ಲಂತೂ ಮರೆಯಲೇಬಾರದು.

ಬಿಸಿಯೂಟದ ಅಕ್ಕಂದಿರೇ, ಈಗ ನಿಮಗೆ. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾದಾಗ ಮೊದಲು ಒಲೆ ಹಚ್ಚಿದ ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾ ಒಂದು. ಯಾದಗಿರಿ ಆಗ ಅದರೊಳಗೇ ಇತ್ತು. ಶಾಲೆಯಲ್ಲಿ ತತ್ತಿ ಕೊಡುವುದು 2021ರ ಡಿಸೆಂಬರಿನಲ್ಲಿ ಶುರುವಾದದ್ದೂ ನಮ್ಮ ಕಡೆಯ ಜಿಲ್ಲೆಗಳಲ್ಲೇ. ವಿರೋಧವೂ ಬಂತು. ಆಗ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ತತ್ತಿ ತಿಂದ ಯಾದಗಿರಿಯ ಮಕ್ಕಳನ್ನು, ಆಗ ತತ್ತಿ ಸಿಗದಿದ್ದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿ ನೋಡಿದರು. ನಮ್ಮ ಮಕ್ಕಳ ತೂಕ ಹೆಚ್ಚು ಏರಿತ್ತು. ಆಮೇಲೆ ಇಡೀ ರಾಜ್ಯದ ಮಕ್ಕಳಿಗೆ ತತ್ತಿ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನವಾಯಿತು. ನೀವು ಬೇಯಿಸಿ, ಸುಲಿದು ಕೊಟ್ಟ ತತ್ತಿ ರಾಜ್ಯಕ್ಕೆ ಸಾಕ್ಷಿಯಾಯಿತು ಎಂಬುದನ್ನು ನೀವು ಹೆಮ್ಮೆಯಿಂದ ನೆನಪಿಡಬೇಕು. ನಿಮಗೆ ಸಿಗುವ ಗೌರವಧನ ಆ ಕೆಲಸಕ್ಕೆ ಏನೇನೂ ಸಾಲದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಬಿಸಿಯೂಟದ ಸಾಲಿನಲ್ಲಿ ಕ್ಯಾನ್ಸರ್ ಗುಣವಾದ ಮಗು ಕುಳಿತಿದ್ದರೆ ಅದಕ್ಕೆ ತತ್ತಿ ತಪ್ಪಬಾರದು. ಮನೆಯಲ್ಲಿ ತಿನ್ನದವರಾದರೆ ಬಾಳೆಹಣ್ಣು ತಪ್ಪಬಾರದು. ಇನ್ನೊಂದು ಮಾತು ಇದಕ್ಕಿಂತ ಗಂಭೀರ. ಕೂದಲು ಉದುರಿದ ಮಗುವನ್ನು ಬೇರೆ ಕೂರಿಸುವುದು, ಅದರ ತಾಟು, ಲೋಟ ಬೇರೆ ಇಡುವುದು ಕಂಡರೆ ಅಲ್ಲೇ ನಿಲ್ಲಿಸಿ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ. ಎಂಜಲಿನಿಂದ ಇಲ್ಲ, ಉಸಿರಿನಿಂದ ಇಲ್ಲ, ಕೈ ಹಿಡಿದು ಆಡಿದರೂ ಇಲ್ಲ. ಒಬ್ಬಂಟಿಯಾಗಿ ಕುಳಿತ ಮಗು ಅರ್ಧ ಊಟ ಬಿಟ್ಟು ಏಳುತ್ತದೆ. ಎಲ್ಲರ ನಡುವೆ ಕುಳಿತರೆ ಇನ್ನೊಂದು ಸವಟು ಹಾಕಿಸಿಕೊಳ್ಳುತ್ತದೆ.

ಗುಣವಾದ ಮಗುವಿಗೂ ಆರೈಕೆ, ಒಳ್ಳೆಯ ಊಟ ಬೇಕೆಂಬ ತಿಳಿವಳಿಕೆ ಆಸ್ಪತ್ರೆಗಳಲ್ಲಿ ಈಗ ಬೆಳೆಯುತ್ತಿದೆ. ಮುಂಬೈನ ಟಾಟಾ ಆಸ್ಪತ್ರೆ 1991ರಲ್ಲೇ, ಚಿಕಿತ್ಸೆ ಮುಗಿಸಿದ ಮಕ್ಕಳಿಗೆಂದೇ ಎ.ಸಿ.ಟಿ. ಕ್ಲಿನಿಕ್ ತೆರೆಯಿತು. ಕಡಲ್ಸ್ ಫೌಂಡೇಶನ್‌ನಂಥ ಸಂಸ್ಥೆಗಳು ದೇಶದ ಹಲವು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಮಕ್ಕಳಿಗಾಗಿ ಆಹಾರ ತಜ್ಞರನ್ನು ಇಟ್ಟು, ಮನೆಗೆ ದಿನಸಿ ಕೊಟ್ಟು ಕೆಲಸ ಮಾಡುತ್ತಿವೆ. ಆದರೆ ಆ ಆಹಾರ ತಜ್ಞರು ತಾಯಿಯ ಕೈಗೆ ಕೊಟ್ಟ ಹಾಳೆ ನಮ್ಮ ಬಸ್ಸಿನಲ್ಲೇ ಮಡಚಿಹೋಗುತ್ತದೆ. ಅದರಲ್ಲಿ ಇಡ್ಲಿ, ಉಪ್ಪಿಟ್ಟು, ಪನೀರು ಬರೆದಿದ್ದರೆ ಸುರಪುರದ ತಾಂಡಾದ ತಾಯಿಗೆ ಅದು ತನ್ನ ಅಡುಗೆಮನೆಯ ಮಾತಲ್ಲ. ಅದನ್ನು ರೊಟ್ಟಿ, ಬ್ಯಾಳಿ, ಪುಂಡಿ ಪಲ್ಯದ ಮಾತಿಗೆ ತಿರುಗಿಸಿ ಹೇಳಬಲ್ಲವರು ನೀವು ಮಾತ್ರ.

ಆಶಾ ಅಕ್ಕಂದಿರೇ, ಹೆಣ್ಣುಮಕ್ಕಳ ವಿಷಯದಲ್ಲಿ ನಿಮ್ಮ ಜವಾಬ್ದಾರಿ ಇನ್ನೂ ಹೆಚ್ಚು. ಗುಣವಾದ ಹುಡುಗಿಯ ರೋಗವನ್ನು ಮನೆಯವರು ಮುಚ್ಚಿಡುತ್ತಾರೆ, ನಾಳೆ ಲಗ್ನ ಆಗಬೇಕಲ್ಲ ಎಂದು. ಫೈಲು ಸುಟ್ಟುಹಾಕುವ ಮನೆಗಳೂ ಇವೆ. ಮುಂದೆ ಅವಳು ಬಸುರಿಯಾಗಿ ನಿಮ್ಮ ಹತ್ತಿರ ತಾಯಿ ಕಾರ್ಡಿಗೆ ಬರುತ್ತಾಳೆ. ಚಿಕ್ಕಂದಿನಲ್ಲಿ ಕೊಟ್ಟ ಕೆಲವು ಕೆಂಪು ಬಣ್ಣದ ಕೀಮೋ ಔಷಧಗಳು ಹೃದಯವನ್ನು ದುರ್ಬಲ ಮಾಡಿರಬಹುದು. ಬಸುರಿನ ಭಾರದಲ್ಲಿ ಅದು ಹೊರಬೀಳಬಹುದು. ಅವಳಿಗೆ ಹೃದಯದ ಎಕೋ ಪರೀಕ್ಷೆ ಆಗಬೇಕು. “ಸಣ್ಣಾಕಿ ಇದ್ದಾಗ ದೊಡ್ಡ ಬ್ಯಾನಿ ಏನರೆ ಬಂದಿತ್ತೇನು?” ಎಂದು ಒಬ್ಬಳೇ ಇದ್ದಾಗ ಕೇಳಿ. ಹೇಳಿದ್ದನ್ನು ಗುಟ್ಟಾಗಿಡಿ, ಆದರೆ ಡಾಕ್ಟರರಿಗೆ ಮುಟ್ಟಿಸಿ. ಅದಕ್ಕೇ ಆಸ್ಪತ್ರೆಯ ಡಿಸ್‌ಚಾರ್ಜ್ ಹಾಳೆ ಬೇಕು. ರೇಷನ್ ಕಾರ್ಡು ಇಡುವ ಚೀಲದಲ್ಲೇ ಅದನ್ನೂ ಇಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆಸಿ. ಗುಳೆ ಹೋಗುವ ಮನೆಯಾದರೆ ಆ ಫೋಟೊ ಬೆಂಗಳೂರಿಗೂ ಪುಣೆಗೂ ಅವರ ಜೊತೆ ಹೋಗಲಿ. ಹುಡುಗಿಗೆ ಗಂಗಾಳದಲ್ಲಿ ಕಡಿಮೆ ಬೀಳುತ್ತಿದೆಯೇ ಎಂಬುದನ್ನೂ ನೋಡಿ. ಅಣ್ಣನಿಗೆ ಹಾಲು, ತಂಗಿಗೆ ಚಹಾ ಎಂಬುದು ಗುಣವಾದ ತಂಗಿಗೆ ಎರಡು ಪಟ್ಟು ಅನ್ಯಾಯ.

ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬಂದ ತಿಂಗಳು ಅದರಲ್ಲಿ ಒಂದು ಪಾಲು ಈ ಮಗುವಿನ ತತ್ತಿ, ಹಾಲು, ಬೇಳೆಗೆ ಮೊದಲು ತೆಗೆದಿಡುವಂತೆ ತಾಯಿಗೆ ಹೇಳಬಹುದು. ಹಿತ್ತಲಿದ್ದರೆ ನಾಲ್ಕು ಜವಾರಿ ಕೋಳಿ, ಒಂದು ನುಗ್ಗೆಗಿಡ.

ಇಷ್ಟೆಲ್ಲ ಹೇಳಿ ನಿಮ್ಮ ಹೆಗಲಿಗೆ ಇನ್ನೊಂದು ರಿಜಿಸ್ಟರು ಹೊರಿಸಲು ನನಗೆ ಮನಸ್ಸಿಲ್ಲ. ಇರುವುದರಲ್ಲೇ ಒಂದು ಸಾಲು ಸಾಕು: ಮಗುವಿನ ಹೆಸರು, ಯಾವ ಆಸ್ಪತ್ರೆ, ಚಿಕಿತ್ಸೆ ಮುಗಿದ ತಿಂಗಳು, ಇವತ್ತಿನ ತೂಕ ಮತ್ತು ಎತ್ತರ. ಏಳು ವರ್ಷದ ಮಗುವಾದರೂ ತಿಂಗಳಿಗೊಮ್ಮೆ ಅಂಗನವಾಡಿಯ ತಕ್ಕಡಿಯ ಮೇಲೆ ನಿಲ್ಲಿಸಿದರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಮೂರು ತಿಂಗಳು ತೂಕ ಏರದಿದ್ದರೆ, ಅಥವಾ ಇಳಿದರೆ, ಅಥವಾ ಎತ್ತರ ನಿಂತು ತೂಕವೊಂದೇ ಏರುತ್ತಿದ್ದರೆ ಆರೋಗ್ಯ ಕೇಂದ್ರಕ್ಕೆ ಹೇಳಿ, ಆಸ್ಪತ್ರೆಗೆ ಫೋನು ಮಾಡಿಸಿ. ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಬಂದಾಗ ಈ ಮಗುವನ್ನು ಮೊದಲ ಸಾಲಿನಲ್ಲಿ ನಿಲ್ಲಿಸಿ, ಫೈಲು ತೋರಿಸಿ.

ಮುಂದಿನ ತಿಂಗಳು ಆರೋಗ್ಯ ಕೇಂದ್ರದಲ್ಲಿ ನಿಮ್ಮ ಸಭೆ ಕೂಡಿದಾಗ ಎರಡು ಬೇಡಿಕೆ ಎತ್ತಿ. ಐದು ವರ್ಷ ದಾಟಿದ ಈ ಮಕ್ಕಳನ್ನೂ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಕೇಂದ್ರದ ಆಹಾರ ತಜ್ಞರು ನೋಡಬೇಕು. ಚಿಕಿತ್ಸೆಯ ಕಾರಣಕ್ಕೆ ಶಾಲೆಗೆ ಬರಲಾಗದ ದಿನಗಳ ತತ್ತಿ, ಹಾಲಿನ ಪುಡಿ ಮಗುವಿನ ಮನೆಗೆ ಮುಟ್ಟಬೇಕು. ವೈದ್ಯಾಧಿಕಾರಿಯವರು ಬರೆದುಕೊಳ್ಳುವವರೆಗೆ ಬಿಡಬೇಡಿ. ಶಹಾಪುರದಲ್ಲಿ ನೀವು ಕೇಳಿದ್ದನ್ನು ಸುರಪುರದ ಅಕ್ಕಂದಿರೂ ಅದೇ ವಾರ ಕೇಳಿದರೆ ಮಾತು ಜಿಲ್ಲಾ ಪಂಚಾಯಿತಿಯವರೆಗೆ ಹೋಗುತ್ತದೆ.

ನಿಮ್ಮ,
ಇದೇ ಸೀಮೆಯ ಮಗಳು